ವೀರಣ್ಣನ ಹಳದಿ ಡಬ್ಬಿ

ಡರ್ಬಿ, ಮೊದಲ ಬೆಳಿಗ್ಗೆ

ಅಕ್ಟೋಬರ್ ತಿಂಗಳ ಮೊದಲ ಬುಧವಾರ, ಬೆಳಿಗ್ಗೆ ಐದೂವರೆ ಗಂಟೆ. ಅಡಿಗೆಮನೆಯಲ್ಲಿ ಹಾಜರಿದ್ದವಳು ನಾನೊಬ್ಬಳೇ. ನನ್ನ ತಂಗಿ ಸುಮಂಗಲಾ, ಅವಳ ಗಂಡ ವೀರಣ್ಣ ಮೇಲಿನ ಕೋಣೆಯಲ್ಲಿ ಇನ್ನೂ ಮಲಗಿದ್ದರು.

ಹಿಂದಿನ ಸಂಜೆಯಷ್ಟೇ ನಾನು ಇಂಗ್ಲೆಂಡಿನ ಡರ್ಬಿ ಎಂಬ ಊರಿಗೆ ಬಂದಿಳಿದಿದ್ದೆ. ವಿಮಾನದ ಸಂಗತಿ ಬಿಡುತ್ತೇನೆ; ಒಮ್ಮೆ ಕೂತು ಬಂದವರೆಲ್ಲ ಅದನ್ನೇ ಹೇಳುತ್ತಾರೆ. ನಾನು ನರಗುಂದದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೇವೆ ಮುಗಿಯುವ ತನಕ ವಾರ್ಡನ್ ಆಗಿದ್ದವಳು. ಎದ್ದ ಕೂಡಲೇ ಗಂಟೆ, ಗಂಟೆಯ ಬೆನ್ನಿಗೆ ಕಸ, ಕಸದ ಬೆನ್ನಿಗೆ ಒಲೆ. ಗಡಿಯಾರ ಯಾವ ದೇಶದ್ದಾದರೂ ಐದೂವರೆಗೆ ನನಗೆ ಕೈ ಕಟ್ಟಿ ಕೂರಲು ಬರುವುದಿಲ್ಲ. ಒಲೆ ಒರೆಸಿದೆ. ಮುಸುರಿ ತೊಳೆದೆ. ಕಸಬರಿಗೆ ಹುಡುಕುತ್ತ ಮೆಟ್ಟಿಲ ಕೆಳಗಿನ ಕಪಾಟು ತೆರೆದೆ.

ಅಲ್ಲಿ ಹಳದಿ ರಟ್ಟಿನ ಡಬ್ಬಿಗಳು ಒಂದರ ಮೇಲೊಂದು, ನನ್ನ ಸೊಂಟದ ಎತ್ತರಕ್ಕೆ ಏರಿ ನಿಂತಿದ್ದವು. ಫಾಸ್ಟ್ ಫುಡ್ ಅಂಗಡಿಯವರು ಬರ್ಗರ್ ಇಟ್ಟು ಕೊಡುತ್ತಾರಲ್ಲ, ಮುಚ್ಚಳ ಅಂಟಿಕೊಂಡೇ ಇರುವಂಥವು, ಅವು. ಒರೆಸಿ ಇಟ್ಟಿದ್ದರು, ಆದರೆ ಮೂಗಿಗೆ ಹಳೆಯ ಎಣ್ಣೆಯ ವಾಸನೆ ಹೊಡೆಯಿತು. ಉಂಡ ಡಬ್ಬಿಗಳು.

ನಮ್ಮ ಕಡೆ ಉಂಡ ಎಲೆ ಒಂದು ಗಳಿಗೆ ನೆಲದ ಮೇಲೆ ಉಳಿದರೂ ಹಿರಿಯರು ಗದರುತ್ತಾರೆ. ಎಲೆ ಎತ್ತಬೇಕು, ನೆಲ ಸಾರಿಸಬೇಕು, ಕೈ ತೊಳೆಯಬೇಕು, ಆಮೇಲೆ ಮಾತು. ಎಂಜಲನ್ನು ಜೋಡಿಸಿ ಕಪಾಟಿನಲ್ಲಿ ಇಟ್ಟುಕೊಳ್ಳುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ತಂಗಿಗೆ ಮನೆಯ ಕಡೆ ಗಮನ ಕೊಡಲು ಆಗುತ್ತಿಲ್ಲ, ಪಾಪ, ಎಂದುಕೊಂಡೆ. ಎರಡು ದೊಡ್ಡ ಕರಿ ಚೀಲಗಳಲ್ಲಿ ಅವನ್ನು ತುಳಿದು ತುಂಬಿ ಬಾಗಿಲ ಮುಂದಿನ ತೊಟ್ಟಿಗೆ ಹಾಕಿದೆ. ಏಳಕ್ಕೆ ಕಸದ ಲಾರಿ ಬಂತು. ಇಲ್ಲಿಯ ಲಾರಿ ನಮ್ಮ ರೋಣದ ಕಸದ ಟ್ರ್ಯಾಕ್ಟರಿನಂತೆ ಹಾಡು ಹಾಕಿಕೊಂಡು ಬರುವುದಿಲ್ಲ. ಸದ್ದಿಲ್ಲದೆ ಬಂದು ತೊಟ್ಟಿಯನ್ನು ಎತ್ತಿ ಬಾಯಿಗೆ ಸುರಿದುಕೊಂಡು ಹೋಗುತ್ತದೆ. ಎಷ್ಟು ಶಿಸ್ತು ಎಂದು ಮೆಚ್ಚಿಕೊಂಡು ಒಳಗೆ ಬಂದೆ.

ಹನ್ನೊಂದರ ಸುಮಾರಿಗೆ ಸುಮಾ ಹೊರಡುವ ತಯಾರಿಯಲ್ಲಿ ಅದೇ ಕಪಾಟು ತೆರೆದಳು.

"ಅಕ್ಕಾ, ಇಲ್ಲಿ ಹಳದಿ ಡಬ್ಬಿ ಇದ್ವಲ್ಲ, ಎಲ್ಲಿಟ್ಟಿ?"

"ಒಗದೆ."

"ಎಲ್ಲಿ ಒಗದಿ?"

"ಕಸಕ್ಕ. ಲಾರಿ ಬಂದು ಒಯ್ತು. ಉಂಡ ಡಬ್ಬಿ ಅಲ್ಲೇನು ಅವು? ಎಂಜಲಾ ಕಪಾಟಿನ್ಯಾಗ ಪೇರಿಸಿ ಇಟ್ಟೀಯಲ್ಲ, ನಮ್ಮವ್ವ ನೋಡಿದ್ರ ಈ ಮನ್ಯಾಗ ನೀರ ಕುಡಿತಿರಲಿಲ್ಲ."

"ಎಲ್ಲಾ ಒಗದಿ?"

"ಅರ್ಧಾ ಕೆಲಸಾ ಮಾಡೂ ಚಟಾ ನನಗಿಲ್ಲ."

ಸುಮಾ ಮೆಟ್ಟಿಲ ಮೇಲೆ ಕೂತಳು. ಬಯ್ಯುತ್ತಾಳೆ ಎಂದು ಕಾದೆ. ಅವಳು ತನ್ನ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಒಳಗೆ ಕೈ ಹಾಕಿ ತಡಕಿದಳು. ನಿನ್ನೆ ಒಯ್ದಿದ್ದ ಡಬ್ಬಿಯೊಂದು ಅದರಲ್ಲಿ ಉಳಿದಿತ್ತು. ಅದನ್ನು ತೆಗೆದು ಮುಚ್ಚಳದ ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಒಂದೈತಿ," ಅಂದಳು.

ರಿಂಗ್ ರಸ್ತೆಯ ಅಂಗಡಿ

ವೀರಣ್ಣ ಗಜೇಂದ್ರಗಡದ ಹತ್ತಿರದ ರಾಜೂರಿನವನು. ನರ್ಸ್ ಕೆಲಸ ಸಿಕ್ಕಿ ಈ ದೇಶಕ್ಕೆ ಬಂದ ಹೆಂಡತಿಯ ಹಿಂದೆ ಬಂದು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ವ್ಯಾನನ್ನು ಕೈಕಾಲು ಗಟ್ಟಿ ಇರುವ ತನಕ ಓಡಿಸಿದ. ಅವರಿಗೆ ಮಕ್ಕಳಿಲ್ಲ. ಎರಡು ವರ್ಷದಿಂದ ಅವನಿಗೆ ಮರೆವಿನ ರೋಗ. ನಾನು ಬಂದಿಳಿದ ಸಂಜೆ ಬಾಗಿಲು ತೆರೆದವನು ಅವನೇ.

"ಬರ್ರಿ ಬಾಯಾರ. ಯಾರ ಮನಿ ಬೇಕಾಗಿತ್ರಿ?"

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಬಾಯಾರ ಎನ್ನುತ್ತಾರೆ. ಅಷ್ಟಾದರೂ ಗುರುತು ಸಿಕ್ಕಿತಲ್ಲ ಎಂದುಕೊಂಡೆ. ಹೆಂಡತಿಯನ್ನು ಅವನು ಈಗ 'ಸಿಸ್ಟರ' ಎಂದು ಕರೆಯುತ್ತಾನೆ. ಮನೆಗೆ ಬರುವ ಯಾವುದೋ ನರ್ಸ್ ಎಂದು ತಿಳಿದಿದ್ದಾನೆ. ಸುಮಾ ಅದಕ್ಕೆ ಓಗೊಡುವುದನ್ನು ಕಲಿತಿದ್ದಾಳೆ.

ನಾನು ಬಂದದ್ದೇ ಅವನ ಊಟದ ಸಲುವಾಗಿ. "ಏನೂ ಉಣವಲ್ರು ಅಕ್ಕಾ, ಆ ಅಂಗಡಿದ ಬಿಟ್ಟು," ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು. "ಹ್ಯಾಂಗ ಉಣ್ಣೂದಿಲ್ಲ, ನಾ ಬಂದು ನೋಡತೀನಿ," ಎಂದಿದ್ದೆ. ಜ್ವರದಲ್ಲಿ ಹಲ್ಲು ಕಚ್ಚಿ ಮಲಗಿದ ಹುಡುಗಿಯರಿಗೆ ಉಣಿಸಿದವಳು ನಾನು. ಒಬ್ಬ ಗಂಡಸಿಗೆ ಉಣಿಸಲಾರೆನೇ?

ಆ ಬುಧವಾರ ಮಧ್ಯಾಹ್ನ ಮೂವರೂ ಊರ ಸುತ್ತಿನ ರಿಂಗ್ ರಸ್ತೆಯ ಆ ಅಂಗಡಿಗೆ ಹೋದೆವು. ಹೆಸರು ಬೇಡ, ಎಲ್ಲ ದೇಶದಲ್ಲೂ ಇರುವ ಬಗೆಯದು. ಒಳಗೆ ಹಣದ ಗಲ್ಲೆಯ ಹತ್ತಿರ ಕೂತ ಯಜಮಾನನಿಲ್ಲ, "ಏನ ಕೊಡ್ಲಿರಿ" ಎನ್ನುವವರಿಲ್ಲ. ಬಾಗಿಲಿನಷ್ಟು ಎತ್ತರದ ಪರದೆಯ ಮೇಲೆ ಊಟದ ಚಿತ್ರಗಳು. ಬೇಕಾದ್ದನ್ನು ಬೆರಳಿನಿಂದ ಒತ್ತಬೇಕು. ನಾನು ಒತ್ತಿದೆ. ನಂಬರು ಕೂಗಿದಾಗ ನನಗೆ ಬಂದದ್ದು ಮಕ್ಕಳ ಊಟ. ಗುಬ್ಬಿಗಾಗುವಷ್ಟು ಕರಿದ ಆಲೂಗಡ್ಡೆಯ ಕಡ್ಡಿಗಳು, ಒಂದು ಡಬ್ಬಿ ಹಾಲು, ಜೊತೆಗೆ ಹಸಿರು ಪ್ಲಾಸ್ಟಿಕ್ಕಿನ ಮೊಸಳೆ.

"ಚಲೋ ಆತು," ಅಂದಳು ಸುಮಾ. ಕಪಾಟು ತೆರೆದು ನೋಡಿದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. "ಹಾಸ್ಟೆಲ್ ವಾರ್ಡನ್‌ಗ ಆಟಗಿ ಸಾಮಾನ ಕೊಟ್ರು."

ಜನ ತಿನ್ನುವ ರೀತಿಯನ್ನು ನೋಡುತ್ತ ಕೂತೆ. ನಮ್ಮ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿನ್ನುವವರೂ ಅವಸರದವರೇ, ಯಾವಗಲ್ ಊರಿನ ಬಸ್ಸು ಹೊರಡಲು ತಿರುಗಿ ನಿಂತಿರುತ್ತದೆ. ಆದರೂ ಪಕ್ಕದವನಿಗೆ "ಬರ್ರಿ, ತಿನ್ನೂಣು" ಎಂದು ಹೇಳದೆ ಮೊದಲ ತುತ್ತು ಎತ್ತುವುದಿಲ್ಲ. ಇಲ್ಲಿ ಒಬ್ಬ ತನ್ನ ಕಾರಿನಲ್ಲೇ ಕೂತು, ಗಾಜು ಏರಿಸಿ, ಗೋಡೆಯನ್ನು ನೋಡುತ್ತ ತಿಂದ. ಒಬ್ಬ ಹೆಂಗಸು ಬ್ರೆಡ್ಡು ಬಿಚ್ಚಿ ಸೌತೆಯ ಚೂರುಗಳನ್ನು ಆರಿಸಿ ಮುಚ್ಚಳದಲ್ಲಿ ಸಾಲಾಗಿ ಇಟ್ಟಳು, ದಿನವೂ ಇಡುತ್ತಾಳಂತೆ; ಸೌತೆ ಬೇಡವೆಂದು ಮೊದಲೇ ಹೇಳಬಹುದು, ಹೇಳುವುದಿಲ್ಲವಂತೆ. ಸಾಲಿ ಹುಡುಗರು ಆಲೂಗಡ್ಡೆಯನ್ನು ಐಸ್‌ಕ್ರೀಮಿನಲ್ಲಿ ಅದ್ದಿ ತಿಂದರು. ಒಬ್ಬರ ತಟ್ಟೆ ಮುಗಿದರೆ ಇನ್ನೊಬ್ಬರಿಗೆ ಕಾಯದೆ ಎದ್ದುಬಿಡುತ್ತಾರೆ. ಹಾಸ್ಟೆಲಿನಲ್ಲಿ ಪಂಕ್ತಿ ಮುರಿದು ಎದ್ದವಳನ್ನು ನಾನು ಮತ್ತೆ ಕೂರಿಸುತ್ತಿದ್ದೆ.

ಅಷ್ಟರಲ್ಲಿ ಸುಮಾ ತಟ್ಟೆ ತಂದಳು. ವೀರಣ್ಣ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದ. ಅವನು ಅತ್ತ ತಿರುಗಿದ್ದ ಆ ಕ್ಷಣದಲ್ಲಿ ಅವಳು ಮೇಜಿನ ಕೆಳಗೆ ಕೈ ಒಯ್ದು, ಅಂಗಡಿಯವರು ಕೊಟ್ಟ ಕಂದು ಡಬ್ಬಿಯಿಂದ ಕಾಳಿನ ಬರ್ಗರನ್ನು ತೆಗೆದು ಹಳದಿ ಡಬ್ಬಿಗೆ ಹಾಕಿ ಮೇಲಿಟ್ಟಳು. ಇಂಜೆಕ್ಷನ್ ಕೊಟ್ಟು ಪಳಗಿದ ಕೈ.

ವೀರಣ್ಣ ಕೂತ. ಡಬ್ಬಿಯ ನಾಲ್ಕೂ ಬದಿ ನೋಡಿದ. ಎತ್ತಿ ತಳ ನೋಡಿದ. ಆಮೇಲೆ ತೆರೆದ. ಮೊದಲು ಉದ್ದ ಆಲೂಗಡ್ಡೆ, ಆಮೇಲೆ ಗಿಡ್ಡವು, ಕಡೆಗೆ ಬರ್ಗರು, ಪೂರ್ತಿ, ತುಣುಕೂ ಬಿಡದೆ. ನಡುವೆ ಸೌತೆಯ ಹೆಂಗಸಿನ ಕಡೆಗೆ ಆಲೂಗಡ್ಡೆ ಚಾಚಿ, "ತಗೋರಿ, ಸಂಕೋಚ ಮಾಡಬ್ಯಾಡ್ರಿ," ಎಂದ, ಕನ್ನಡದಲ್ಲೇ. ಆಕೆ ನಕ್ಕು ಒಂದು ತೆಗೆದುಕೊಂಡಳು.

ದಿನಕ್ಕೆ ಒಂದೇ ಊಟ, ಇದು. ಉಳಿದ ಹೊತ್ತು ಚಹಾ, ಬಿಸ್ಕೀಟು.

"ಕಂಪನಿಯವ್ರು ಬ್ಯಾಸಗ್ಯಾಗ ಡಬ್ಬಿ ಬಣ್ಣಾ ಬದಲ ಮಾಡಿದ್ರು," ಎಂದು ಸುಮಾ ಹೇಳಿದಳು. "ಕಂದು ಡಬ್ಬಿ ಮುಂದಿಟ್ರ ಮುಟ್ಟೂದಿಲ್ಲ. 'ಇದು ನಮ್ದಲ್ಲ ಸಿಸ್ಟರ, ಬ್ಯಾರೇದವ್ರದು, ಕೊಟ್ಟು ಬರ್ರಿ' ಅಂತಾರ. ಜೀವನಾ ಪೂರ್ತಿ ಪಾರ್ಸೆಲ್ ಕೊಟ್ಟವ್ರಲ್ಲ. ಒಂದ್ ದಿನಾ ತಪ್ಪು ಮನಿಗೆ ಕೊಟ್ಟವ್ರಲ್ಲ ಅವ್ರು."

ಹಳದಿ ಡಬ್ಬಿಗಳು ಅವನವೇ. ವ್ಯಾನು ಓಡಿಸುವಾಗ ಊಟವಾದ ಮೇಲೆ ಡಬ್ಬಿಗಳನ್ನು ಎಸೆಯದೆ ನಟ್ಟು ಬೋಲ್ಟು ಹಾಕಲು ಗ್ಯಾರೇಜಿನಲ್ಲಿ ಕೂಡಿಟ್ಟಿದ್ದ. ಸುಮಾ ಅವನ್ನೆಲ್ಲ ಬಿಸಿನೀರಿನಲ್ಲಿ ಹಿಂಡಿದ ಬಿಸಿಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಾಕಿ ತಂದು ಪೇರಿಸಿದ್ದಳು. ರಟ್ಟು ಎಣ್ಣೆ ಕುಡಿದರೆ ಕೆಲವು ದಿನಕ್ಕೆ ಮೆತ್ತಗಾಗುತ್ತದೆ, ಆಗ ಇನ್ನೊಂದು. ಹಾಗೆ ಎಷ್ಟು ಕಾಲ ನಡೆಯುತ್ತಿತ್ತು ಎಂದು ನಾನು ಕೇಳಲಿಲ್ಲ. ನನ್ನ ಸೊಂಟದ ಎತ್ತರ ನನಗೆ ಗೊತ್ತಿತ್ತು.

ಅಡಿಗೆಮನೆ

ತಪ್ಪನ್ನು ತಿದ್ದುವ ದಾರಿ ಕೆಲಸ ಎಂದು ನಂಬಿ ಬದುಕಿದವಳು ನಾನು. ಮರುದಿನ ಬೆಳಿಗ್ಗೆ ತವರೂರು ಗಜೇಂದ್ರಗಡದಿಂದ ಹೊತ್ತು ತಂದ ಜೋಳದ ಹಿಟ್ಟನ್ನು ತೆಗೆದೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿಗಳು, ಬದನೆಕಾಯಿ. ಇಲ್ಲಿಯ ಬದನೆಕಾಯಿ ಕುಂಬಳದಷ್ಟು ದಪ್ಪ, ರುಚಿ ಅರಳೆಯದು. ಇರಲಿ. ರಾಜೂರಿನ ಮನುಷ್ಯ ರೊಟ್ಟಿ ಬಡಿಯುವ ಸಪ್ಪಳ ಮರೆಯಲಾರ ಎಂಬುದು ನನ್ನ ಲೆಕ್ಕ.

ಮೂರನೆಯ ರೊಟ್ಟಿ ತವೆಗೆ ಹಾಕುವಷ್ಟರಲ್ಲಿ ಸೂರಿನಿಂದ ಕಿವಿ ಹರಿಯುವಂಥ ಗಂಟೆ ಹೊಡೆಯಿತು. ಹೊಗೆ ಕಂಡರೆ ಹೊಡೆದುಕೊಳ್ಳುವ ಯಂತ್ರ ಈ ದೇಶದ ಪ್ರತಿ ಮನೆಯಲ್ಲೂ ಇದೆ. ನಮ್ಮ ಕಡೆ ಇಟ್ಟರೆ ಬೆಳಗಿನಿಂದ ಊರಿಗೂರೇ ಹೊಡೆಯುತ್ತಿತ್ತು. ಸುಮಾ ಓಡಿ ಬಂದು ಕುರ್ಚಿ ಹತ್ತಿ ಟವೆಲ್ ಬೀಸಿದಳು. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಇಣುಕಿ ಎಲ್ಲ ಕ್ಷೇಮವೇ ಎಂದು ಕೇಳಿದ.

ಸಪ್ಪಳ ಕೇಳಿ ವೀರಣ್ಣ ಇಳಿದು ಬಂದ. ರೊಟ್ಟಿಯದಲ್ಲ, ಗಂಟೆಯದು. ಆದರೂ ಬಂದನಲ್ಲ. ಕೂರಿಸಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹಿಂಡಿಯ ಮೇಲೆ ಮೊಸರು. ಅವನು ರೊಟ್ಟಿಯನ್ನು ನೋಡಿದ. ಬೆರಳಿನಿಂದ ಅಂಚನ್ನು ಮುಟ್ಟಿದ. ಮುಖದಲ್ಲಿ ಏನೋ ಓಡಿದಂತಾಯಿತು. ನಾನು ತಟ್ಟೆಯನ್ನು ಅವನ ಹತ್ತಿರ ಸರಿಸಿದೆ.

"ಖಾನಾವಳಿ ಚಲೋ ನಡಸೀರಿ ಬಾಯಾರ."

"ಉಣ್ರಿ ಮತ್ತ. ಆರತೈತಿ."

"ಇಲ್ರಿ, ಗಾಡಿ ನಡುಬೀದ್ಯಾಗ ನಿಲ್ಲಿಸಿ ಬಂದೀನಿ. ಡ್ಯೂಟಿ ಮ್ಯಾಲ ಇದ್ದಾಗ ಗಿರಾಕಿ ಮನ್ಯಾಗ ಉಣಬಾರದ್ರಿ."

ಕೈ ಮುಗಿದು ಎದ್ದ. ಬಾಗಿಲ ಹತ್ತಿರ ಹೋಗಿ ಇಲ್ಲದ ವ್ಯಾನಿಗಾಗಿ ಕಾಯುತ್ತ ನಿಂತ.

ಮರುದಿನವೂ ಮಾಡಿದೆ, ಅದರ ಮರುದಿನವೂ. ಹೊತ್ತು ತಪ್ಪಿಸದೆ ತಟ್ಟೆ ಇಟ್ಟೆ. ಎದುರಿಗೆ ಕೂತು ನಾನೂ ಉಂಡು ತೋರಿಸಿದೆ. ತುತ್ತು ಮಾಡಿ ಬಾಯಿಯ ಹತ್ತಿರ ಒಯ್ದೆ. ಅವನು ನಾಚಿ ಮುಖ ತಿರುಗಿಸಿದ. ಪರಹೆಂಗಸು ತುತ್ತು ಮಾಡಿದರೆ ಯಾವ ಗಂಡಸು ಬಾಯಿ ತೆರೆದಾನು?

"ಬಿಡ ಅಕ್ಕಾ," ಅಂದಳು ಸುಮಾ. "ನಿನ್ನ ಹಾಸ್ಟೆಲಿನ್ಯಾಗ ಗಂಟಿ ಹೊಡದ್ರ ಹಸಿವಿ ಬರತಿತ್ತು. ಇವ್ರಿಗೆ ಯಾವ ಗಂಟಿ ಹೊಡಿತೀ?"

"ನಾಕ ದಿನಾ ಹಸದ್ರ ತಾನ ಉಣತಾರ."

"ನಾ ಐದ ದಿನಾ ನೋಡೇನಿ." ಅವಳ ದನಿ ಏರಲಿಲ್ಲ. "ಡಬ್ಬಿ ಬಣ್ಣಾ ಬದಲಾದ ಹೊಸದರಾಗ. ಐದನೇ ದಿನಾ ಬಚ್ಚಲದಾಗ ಬಿದ್ರು. ಆಮ್ಯಾಲ ಗ್ಯಾರೇಜ್ ನೆನಪಾತು."

ಎರಡು ಬಸ್ಸಿನ ಆಚೆ

ಅದೇ ಕಂಪನಿಯ ಬೇರೆ ಅಂಗಡಿಗಳಲ್ಲಿ ಹಳೆಯ ಡಬ್ಬಿ ಉಳಿದಿರಬಹುದು ಎಂದು ನಾನೊಬ್ಬಳೇ ಹೊರಟೆ. ಮೊದಲ ಅಂಗಡಿಯಲ್ಲಿ ಕೊರಳಿಗೆ ಗುರುತಿನ ಚೀಟಿ ತೊಟ್ಟ ಸಣ್ಣ ವಯಸ್ಸಿನ ಮ್ಯಾನೇಜರ್ ನನ್ನ ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿಸಿಕೊಂಡ. ಬರ್ಗರಿನಲ್ಲಿ ಏನಾದರೂ ದೋಷವಿತ್ತೇ ಎಂದ. ಇಲ್ಲ. ಹಾಗಾದರೆ ಬೇರೊಂದು ಉಚಿತವಾಗಿ ಕೊಡಲೇ ಎಂದ. ಬೇಡ, ಖಾಲಿ ಡಬ್ಬಿ ಬೇಕು, ಹಳೆಯದು ಎಂದೆ. ಅವನು ಹೊಸ ಡಬ್ಬಿಗಳ ಒಂದು ಕಟ್ಟನ್ನೇ ತಂದು ನನ್ನ ಕೈಯಲ್ಲಿಟ್ಟ. ಹೊಸದು ಮಣ್ಣಿನಲ್ಲಿ ಬೇಗ ಕರಗುತ್ತದೆ, ಪರಿಸರಕ್ಕೆ ಒಳ್ಳೆಯದು ಎಂದು ತಿಳಿಸಿದ. ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟು ಮಾಡಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಇನ್ನೊಂದು ಬಸ್ಸು ಹಿಡಿದು ಮುಂದಿನ ಅಂಗಡಿಗೆ ಹೋದೆ. ಅಲ್ಲಿ ಮೇಜು ಒರೆಸುತ್ತಿದ್ದ ಪಂಜಾಬಿ ಹೆಂಗಸು ನನ್ನ ಸೀರೆ ಕಂಡು ಹಿಂದಿಯಲ್ಲಿ ಮಾತಾಡಿಸಿದಳು. ಕತೆ ಕೇಳಿ ಒಳಗಿನ ಉಗ್ರಾಣಕ್ಕೆ ಹೋಗಿ ಬಂದು, ಎಲ್ಲ ಕಂದೇ ಎಂದು ಕೈ ಆಡಿಸಿದಳು. "ನನ್ನ ಅತ್ತೆಯೂ ಹೀಗೇ ಇದ್ದಳು" ಎಂದಳು. ಆಮೇಲೆ ಏನಾಯಿತು ಎಂದು ಕೇಳಿದೆ. ಅವಳು ಮೇಜು ಒರೆಸತೊಡಗಿದಳು.

ಬಸ್ಸಿನಲ್ಲಿ ತಿರುಗಿ ಬರುವಾಗ ಗಾಜಿನಾಚೆ ಕಸದ ಲಾರಿಯೊಂದು ಹೋಯಿತು. ಮಳೆ. ಹೊಳೆದಂಡೆಯ ನಮ್ಮ ಹೊಳೆಮಣ್ಣೂರಿನವರು ನೆರೆ ಇಳಿದ ಮೇಲೆ ತಮ್ಮ ಮನೆಯ ಡಬ್ಬಿ, ಪರಾತಗಳನ್ನು ಹುಡುಕುತ್ತ ಕೆಸರಿನಲ್ಲಿ ಗಾವುದ ನಡೆಯುವುದನ್ನು ನೋಡಿದ್ದೇನೆ. ಒಂದಿಷ್ಟಾದರೂ ಮುಳ್ಳುಕಂಟಿಗೆ ಸಿಕ್ಕು ಉಳಿದಿರುತ್ತವೆ. ಇಲ್ಲಿ ಲಾರಿ ಒಯ್ದದ್ದು ಅದೇ ದಿನ ಬೆಂಕಿಗೆ ಬೀಳುತ್ತದಂತೆ.

ಹಳದಿ ರಟ್ಟು ಕೊಂಡು ತಂದು ನಾನೇ ಒಂದು ಡಬ್ಬಿ ಮಾಡಿದೆ. ಉಳಿದ ಆ ಒಂದು ಡಬ್ಬಿಯನ್ನು ಮುಂದಿಟ್ಟುಕೊಂಡು ಅಳೆದು, ಕತ್ತರಿಸಿ, ಮಡಿಚಿ, ಅಂಟಿಸಿ. ಕೆಲಸ ಚೊಕ್ಕಟವಾಗಿಯೇ ಬಂತು. ಸುಮಾ ಕೂಡ ಎರಡು ಸಲ ನೋಡಿದಳು. ಮರುದಿನ ಅಂಗಡಿಯಲ್ಲಿ ಅದನ್ನೇ ಇಟ್ಟೆವು. ವೀರಣ್ಣ ನಾಲ್ಕು ಬದಿ ನೋಡಿದ, ಎತ್ತಿ ತಳ ನೋಡಿದ, ಮೆಲ್ಲನೆ ನಮ್ಮ ಕಡೆ ಸರಿಸಿದ.

"ಇದಕ್ಕ ಚಾಪ ಇಲ್ರಿ ಸಿಸ್ಟರ. ಯಾರೋ ಮೋಸಾ ಮಾಡ್ಯಾರ. ತಗೊಂಡ್ರ ನಮ್ಮ ಮ್ಯಾಲ ಬರತೈತಿ."

ತಳದಲ್ಲಿ ಕಂಪನಿಯ ಸಣ್ಣ ಮುದ್ರೆ ಇರುತ್ತಿತ್ತು. ತನ್ನ ಹೆಂಡತಿಯ ಹೆಸರು ಮರೆತವನಿಗೆ ಅದು ನೆನಪಿತ್ತು. ಸುಮಾ ಮೇಜಿನ ಕೆಳಗೆ ಮತ್ತೆ ಕೈ ಒಯ್ದು ಆ ಒಂದೇ ಒಂದನ್ನು ತೆಗೆದಳು.

ಗಂಜಿ

ಮುಂದಿನ ವಾರ ಅದರ ಮಡಿಕೆ ಬಿರಿಯಿತು. ಮುಚ್ಚಳ ಒಂದು ಬದಿಗೆ ಜೋತು ಬಿತ್ತು.

ಅಂಟುಪಟ್ಟಿ ಹಚ್ಚುವಂತಿರಲಿಲ್ಲ. ಸುಮಾ ಹಿಂದೊಮ್ಮೆ ಬೇರೊಂದು ಡಬ್ಬಿಗೆ ಹಚ್ಚಿ ನೋಡಿದ್ದಳಂತೆ. "ಇದನ್ನ ಯಾರೋ ಒಡದು ಮತ್ತ ಹಚ್ಯಾರ" ಎಂದು ವೀರಣ್ಣ ಮುಟ್ಟಲಿಲ್ಲವಂತೆ. ಒಡೆದ ಪಾರ್ಸೆಲನ್ನು ಅವನು ಯಾರಿಗೂ ಕೊಟ್ಟವನಲ್ಲ, ತಾನೂ ತೆಗೆದುಕೊಳ್ಳುವವನಲ್ಲ.

ನಾವಿಬ್ಬರೂ ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಮನೆಯಲ್ಲಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದರೆ ಅಪ್ಪ ಗಂಟು ಕಾಣದಂತೆ, ಗಂಜಿ ಮುಟ್ಟಿಸಿ, ಎರಡು ತುದಿಯನ್ನೂ ಬೆರಳಿನಲ್ಲಿ ಹೊಸೆದು ಕೂಡಿಸುತ್ತಿದ್ದ. ಸೀರೆ ಉಟ್ಟವಳಿಗೆ ಅದು ಎಲ್ಲಿ ಹರಿದಿತ್ತು ಎಂದು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಸಂಜೆ ನಾನು ಅಕ್ಕಿ ಬೇಯಿಸಿ ಗಂಜಿ ಬಸಿದೆ. ಸುಮಾ ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಹಳದಿ ಎಳೆ ಎಳೆದು ಕೊಟ್ಟಳು. ಮಡಿಕೆಯ ಒಳಬದಿಗೆ ಎಳೆಗಳನ್ನು ಒತ್ತಾಗಿ ಕೂರಿಸಿ, ಗಂಜಿ ಸವರಿ, ಮೇಲೆ ತೆಳುಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆಯ ತುದಿಯಿಂದ ಒತ್ತಿದೆ.

ಬಹಳ ಕಾಲದ ಮೇಲೆ ಅಕ್ಕತಂಗಿ ಒಂದೇ ಕೆಲಸಕ್ಕೆ ತಲೆ ಬಗ್ಗಿಸಿದ್ದೆವು.

"ಅಪ್ಪ ಇದ್ದಿದ್ರ ಬೈತಿದ್ದ," ಅಂದಳು. "ರಟ್ಟ ನೇಯೂ ಮಂದಿ ಅಂತಿದ್ದ."

"ಎಂಜಲ ರಟ್ಟ."

"ಹೂಂ. ಎಂಜಲ ರಟ್ಟ."

ಅವಳು ನಕ್ಕಳು. ನಗುತ್ತಲೇ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸಪ್ಪಳದ ಹಿಂದಿನ ಸಪ್ಪಳ ನನಗೆ ಕೇಳಿಸಬಾರದೆಂದು.

ಆ ಜೋಡಣೆಯಿಂದ ವೀರಣ್ಣ ಇನ್ನೂ ಕೆಲವು ಊಟ ಉಂಡ. ಮುಚ್ಚಳ ತೆರೆಯುವಾಗಲೆಲ್ಲ ನಾವಿಬ್ಬರೂ ಅವನ ಬೆರಳುಗಳನ್ನೇ ನೋಡುತ್ತ ಕೂರುತ್ತಿದ್ದೆವು. ಒಂದು ದಿನ ಬರ್ಗರಿನ ಹಬೆಗೆ ಗಂಜಿ ಕರಗಿತು. ಅವನು ತೆರೆಯುತ್ತಿದ್ದಂತೆ ಮುಚ್ಚಳ ಕಳಚಿ ಅವನ ಕೈಯಲ್ಲೇ ಬಂತು, ಒಳಗಿನ ಎಳೆಗಳು ನೇತಾಡಿದವು. ಅವನು ಎಳೆಯನ್ನು ಹಿಡಿದು ನೋಡಿದ. ಯಾರಿಗೋ ಕ್ಷಮೆ ಕೇಳುವವನಂತೆ ಸುತ್ತಲೂ ನೋಡಿ, ಎರಡೂ ತುಂಡುಗಳನ್ನು ಒಂದರೊಳಗೊಂದು ಇಟ್ಟು ತಟ್ಟೆಯ ಅಂಚಿಗೆ ಸರಿಸಿದ.

"ಒಡದೈತ್ರಿ. ವಾಪಸ್ ಕಳಸ್ರಿ."

ತಳ ಒದ್ದೆಯಾಗಿ ಹರಿದಿತ್ತು. ಜೋಡಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಡಾಕ್ಟರು ಬಂದರು. ಚಮಚದಲ್ಲಿ ಕುಡಿಯುವಂಥದ್ದನ್ನು ಕೊಡಿ, ಒತ್ತಾಯ ಬೇಡ, ಈ ರೋಗ ಹೀಗೇ ಇಳಿಯುತ್ತದೆ ಎಂದರು. ಡಬ್ಬಿ ಇದ್ದಿದ್ದರೂ ಒಂದು ದಿನ ಇದು ಬರುತ್ತಲೇ ಇತ್ತು ಎಂದು ಸುಮಾ ನನಗೆ ಅವರ ಮಾತನ್ನು ಬಿಡಿಸಿ ಹೇಳಿದಳು. ಒಂದು ದಿನ ಎಂದರೆ ಯಾವ ದಿನ ಎಂದು ನಾನು ಕೇಳಬಹುದಿತ್ತು. ವೀರಣ್ಣನ ಪ್ಯಾಂಟು ಜಾರದಂತೆ ಬೆಲ್ಟಿನಲ್ಲಿ ಹೊಸ ತೂತು ಮಾಡಿಕೊಟ್ಟೆ.

ಕೊನೆಯ ಶುಕ್ರವಾರ

ಮರುದಿನ ನನ್ನ ವಿಮಾನ. ವೀಸಾದ ಅವಧಿ ಮುಗಿಯುತ್ತಿತ್ತು, ಉಳಿಯುವ ಹಾಗಿರಲಿಲ್ಲ. ಸುಮಾ ಎಂದಿನ ಹೊತ್ತಿಗೆ ಗಂಡನಿಗೆ ಕೋಟು ತೊಡಿಸಿದಳು.

"ಉಣ್ಣದಿದ್ರೂ ಅಲ್ಲಿಗೆ ಯಾಕ ಹೋಗೂದು?" ಎಂದೆ.

"ಮನ್ಯಾಗ ಕುಂತ್ರೂ ಉಣ್ಣೂದಿಲ್ಲ. ಅಲ್ಲಿ ಬೆಳಕ ಐತಿ, ಮಂದಿ ಅದಾರ. ನಡಿ."

ಈಗ ಅವನು ನಡೆಯುವಾಗ ಅವಳ ತೋಳು ಬೇಕು. ಅಂಗಡಿಯಲ್ಲಿ ಅದೇ ಮೇಜು. ಸೌತೆಯ ಹೆಂಗಸು ಕೈ ಎತ್ತಿ ಗುರುತು ತೋರಿಸಿದಳು. ಪರದೆಯ ಮೇಲೆ ನಾನೇ ಒತ್ತಿದೆ, ಈ ಸಲ ತಪ್ಪಲಿಲ್ಲ. ತಟ್ಟೆ ಬಂತು. ಕಂದು ಡಬ್ಬಿ. ಮೇಜಿನ ಕೆಳಗೆ ಮಾಡುವ ಕೆಲಸ ಏನೂ ಇರಲಿಲ್ಲವಾದ್ದರಿಂದ ಸುಮಾಳ ಕೈಗಳು ಮೇಲೆಯೇ ಇದ್ದವು.

ವೀರಣ್ಣ ಡಬ್ಬಿಯ ನಾಲ್ಕೂ ಬದಿ ನೋಡಿದ. ತಳ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಎತ್ತಿ, ಬಾಗಿಲಲ್ಲಿ ನಿಂತವನಂತೆ ಬೆನ್ನು ನೆಟ್ಟಗೆ ಮಾಡಿ, ನನಗೆ ಚಾಚಿದ.

"ನಿಮ್ಮದ ಇರಬೇಕ್ರಿ ಬಾಯಾರ. ತಗೋರಿ. ತಡಾ ಆತು, ಸಿಟ್ಟಾಗಬ್ಯಾಡ್ರಿ."

ಒಬ್ಬರ ಮುಂದೆ ಇಟ್ಟ ಊಟವನ್ನು ನಾನು ಎಂದೂ ಮುಟ್ಟಿದವಳಲ್ಲ. ತೆಗೆದುಕೊಂಡೆ.

"ಇಲ್ಲೊಂದ್ ಸಹಿ ಮಾಡ್ರಿ."

ಅಂಗೈ ಚಾಚಿದ. ಪಾರ್ಸೆಲ್ ಕೊಡುವವರು ಒಂದು ಸಣ್ಣ ಯಂತ್ರ ಹಿಡಿದು ಅದರ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಸಿಕೊಳ್ಳುತ್ತಾರಲ್ಲ, ಆ ಯಂತ್ರ ಅವನ ಅಂಗೈಯಾಗಿತ್ತು. ನನ್ನ ಹೆಸರನ್ನು ಪೂರ್ತಿ ಬರೆದೆ. ಅಂಗೈ ತಣ್ಣಗಿತ್ತು, ಎಲುಬು ಬೆರಳಿಗೆ ಸಿಗುತ್ತಿತ್ತು. ಅವನು ಅದನ್ನು ಓದಿ ನೋಡಿ ತಲೆಯಾಡಿಸಿದ.

"ತಗದು ನೋಡ್ರಿ, ಬರೋಬ್ಬರಿ ಐತಿಲ್ಲ?"

"ಬರೋಬ್ಬರಿ ಐತ್ರಿ."

"ಉಣ್ರಿ ಮತ್ತ. ಆರತೈತಿ."

ನಾನು ಉಂಡೆ. ಮೊದಲು ಉದ್ದ ಆಲೂಗಡ್ಡೆ, ಆಮೇಲೆ ಗಿಡ್ಡವು, ಕಡೆಗೆ ಬರ್ಗರು, ತುಣುಕೂ ಬಿಡದೆ. ಅವನು ಎದುರಿಗೆ ಕೂತು ಪ್ರತಿ ತುತ್ತನ್ನೂ ನೋಡಿದ. ನಡುವೆ ನಿಲ್ಲಿಸಿದರೆ, "ನಾಚಬ್ಯಾಡ್ರಿ, ಪೂರ್ತಿ ಮಾಡ್ರಿ," ಎಂದ. ಎಷ್ಟೋ ದಿನಗಳಿಂದ ಅವನ ಮುಖದಲ್ಲಿ ಅಷ್ಟು ಸಮಾಧಾನ ಕಂಡಿರಲಿಲ್ಲ. ಒಂದು ಆಲೂಗಡ್ಡೆ ಅವನ ಕಡೆ ಚಾಚಿದೆ. ಡ್ಯೂಟಿ ಮೇಲೆ ಇದ್ದೇನೆ ಎಂದ.

ಮುಗಿಯುವ ತನಕ ಅವನು ಏಳಲಿಲ್ಲ. ಅಂಗಡಿಯಲ್ಲಿ ನನ್ನ ಊಟ ಮುಗಿಯಲೆಂದು ಕಾದು ಕೂತವನು ಅವನೊಬ್ಬನೇ. ಆಮೇಲೆ ಕೋಟು ತೆಗೆದುಕೊಂಡು, "ಬರತೀನ್ರಿ," ಎಂದು ಬಾಗಿಲ ಕಡೆ ನಡೆದ.

ಸುಮಾ ಅವನ ಹಿಂದೆ ಹೋಗಲು ಎದ್ದಳು.

"ನಾಳಿಂದ ಯಾರಿಗೆ ಕೊಡತಾರ?"

"ನಿನಗ ಕೊಡತಾರ," ಎಂದೆ.

"ನಾ ಉಂಡ್ರ ಅವ್ರ ಹೊಟ್ಟಿ ತುಂಬತೈತೇನ ಅಕ್ಕಾ?"

ಅವಳು ಹೋಗಿ ಗಂಡನ ತೋಳು ಹಿಡಿದಳು. ನಾನು ಕಾಗದಗಳನ್ನು ತೊಟ್ಟಿಗೆ ಹಾಕಿ, ತಟ್ಟೆಯನ್ನು ತಟ್ಟೆಗಳ ಮೇಲಿಟ್ಟು, ಮೇಜು ಒರೆಸಿದೆ. ಡಬ್ಬಿಯನ್ನು ಮಾತ್ರ ಕೈಚೀಲದಲ್ಲಿ ಹಾಕಿಕೊಂಡೆ.

ಸಂಜೆ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆ ತುಂಬಿದೆ. ಮಿಕ್ಕ ಜೋಳದ ಹಿಟ್ಟನ್ನು ಡಬ್ಬಕ್ಕೆ ಸುರಿದು ಮುಚ್ಚಿದೆ. ಮಾತ್ರೆಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ಇಟ್ಟೆ. ವೀರಣ್ಣ ಎರಡು ಚಮಚ ಚಹಾ ಕುಡಿದು ಮಲಗಿದ. ಸುಮಾ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ನಾನು ಕೆಳಗೆ ಬಂದು ಆ ಕಂದು ಡಬ್ಬಿಯನ್ನು ಬಿಸಿಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದೆ. ಮಡಿಕೆ ನೋಡಿದೆ. ಮೆಟ್ಟಿಲ ಕೆಳಗಿನ ಖಾಲಿ ಕಪಾಟಿನಲ್ಲಿ, ಹಳದಿಯವು ಇದ್ದ ಜಾಗದಲ್ಲಿ ಇಟ್ಟು ಬಾಗಿಲು ಹಾಕಿದೆ.